ಜನಗಣತಿಯ ಕಾಲದಲ್ಲಿ ಹುಟ್ಟಿದ ಕಂದ

(ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆಯ ಪ್ರಬೋಧನೆ)



ಈ ರಾತ್ರಿಯ ಶುಭಸಂದೇಶವನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆದರೂ ಅದರ ಮೊದಲ ಎರಡು ಮೂರು ವಾಕ್ಯಗಳು ನಮ್ಮ ಕಿವಿಗೆ ಬೀಳುವುದಿಲ್ಲ. ಕುರುಬರು ಯಾವಾಗ ಬರುತ್ತಾರೆ, ದೇವದೂತರು ಯಾವಾಗ ಹಾಡುತ್ತಾರೆ ಎಂದು ಮನಸ್ಸು ಮುಂದಕ್ಕೆ ಓಡುತ್ತದೆ. ಆದರೆ ಸಂತ ಲೂಕರು ಕಥೆಯನ್ನು ಆರಂಭಿಸುವುದು ದೇವದೂತರಿಂದ ಅಲ್ಲ, ಕುರುಬರಿಂದಲೂ ಅಲ್ಲ. ಒಂದು ಸರ್ಕಾರಿ ಆಜ್ಞೆಯಿಂದ! ರೋಮಿನ ಚಕ್ರವರ್ತಿ ಅಗಸ್ಟಸ್ ಜನಗಣತಿಗೆ ಆಜ್ಞೆ ಹೊರಡಿಸಿದ. ಪ್ರತಿಯೊಬ್ಬರೂ ತಮ್ಮ ತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕಾಯಿತು. ಆದ್ದರಿಂದಲೇ ನಜರೇತಿನ ಬಡಗಿ ಜೋಸೆಫರು ತುಂಬು ಗರ್ಭಿಣಿಯಾದ ಮರಿಯಳನ್ನು ಕರೆದುಕೊಂಡು ಬೆತ್ಲೆಹೇಮಿನ ದಾರಿ ಹಿಡಿದರು. ಅಲ್ಲಿ ಛತ್ರದಲ್ಲಿ ಜಾಗವಿರಲಿಲ್ಲ. ಮಗು ಗೋದಲಿಯಲ್ಲಿ ಹುಟ್ಟಿತು.

ಚಕ್ರವರ್ತಿಗೆ ಬೇಕಾಗಿದ್ದದ್ದು ಲೆಕ್ಕ. ದೇವರು ಕೊಟ್ಟದ್ದು ಒಂದು ಮಗು. ಈ ಎರಡರ ನಡುವಿನ ಅಂತರವನ್ನು ಕುರಿತು ಇಂದು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ.

ನಮ್ಮ ದೇಶದಲ್ಲಿಯೂ ಜನಗಣತಿಯ ಮಾತು ನಡೆದಿದೆ. 2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್ ಕಾರಣದಿಂದ ಮುಂದೆ ಹೋಯಿತು. ಹಿಮ ಬೀಳುವ ಪ್ರದೇಶಗಳನ್ನು ಬಿಟ್ಟು ಉಳಿದೆಡೆ 2027ರ ಮಾರ್ಚ್ 1ನ್ನು ಆಧಾರವಾಗಿಟ್ಟು ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಜೂನ್ ತಿಂಗಳಲ್ಲಿ ಅಧಿಸೂಚನೆ ಹೊರಡಿಸಿತು. ನಮ್ಮ ಹರಪನಹಳ್ಳಿಯವರಿಗೆ ಈ ಲೆಕ್ಕದ ಪುಸ್ತಕದ ಆಟ ಚೆನ್ನಾಗಿ ಗೊತ್ತು. 1997ರಲ್ಲಿ ತಾಲ್ಲೂಕು ಬಳ್ಳಾರಿಯನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆಯದಾಯಿತು. ಊರು ಇದ್ದಲ್ಲೇ ಇದೆ, ಜನ ಅವರೇ ಇದ್ದಾರೆ. ಬರೆಯುವ ಪುಸ್ತಕ ಮಾತ್ರ ಬದಲಾಯಿತು!

ಜನರನ್ನು ಎಣಿಸುವವರಿಗೆ ಎರಡು ಭಯಗಳು. ಒಂದು, ಜನ ಹೆಚ್ಚಾದರು ಎಂಬ ಭಯ. ಇನ್ನೊಂದು, ಜನ ಕಡಿಮೆಯಾದರು ಎಂಬ ಭಯ. ಈ ಎರಡನ್ನೂ ನಮ್ಮ ಸೀಮೆ ಕಂಡಿದೆ.

1876ರಿಂದ 1878ರವರೆಗೆ, ಹಿರಿಯರು ಧಾತು, ಈಶ್ವರ ಎಂದು ಕರೆಯುತ್ತಿದ್ದ ಸಂವತ್ಸರಗಳಲ್ಲಿ, ಭೀಕರ ಬರ ಬಿತ್ತು. ಆಗ ನಮ್ಮ ಈ ತಾಲ್ಲೂಕುಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1871ರ ಗಣತಿಗೂ 1881ರ ಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿಯಿತು. ಐದು ಜನರ ಮನೆಯಲ್ಲಿ ಒಬ್ಬರು ಇಲ್ಲವಾದರು ಎಂದು ಯೋಚಿಸಿ ನೋಡಿ. ಅಂಥ ನೆಲದ ಜನ ಮಕ್ಕಳನ್ನು ಹೆಚ್ಚು ಹೆತ್ತರೆಂದರೆ ಅದು ಅಜ್ಞಾನದಿಂದ ಮಾತ್ರ ಅಲ್ಲ. ಎಂಟು ಹೆತ್ತರೆ ನಾಲ್ಕಾದರೂ ಉಳಿದಾವು ಎಂಬ ಆಸೆಯಿಂದ. ನಮ್ಮ ಅಜ್ಜಿಯರು ಮಾಡಿದ್ದು ಅದೇ ಲೆಕ್ಕ.

ಮುಂದೆ ಕಾಲ ಬದಲಾಯಿತು. ಸಿಡುಬು ಹೋಯಿತು, ಲಸಿಕೆ ಬಂತು, ಆಸ್ಪತ್ರೆ ಬಂತು. 1951ರ ಸುಮಾರಿಗೆ ಭಾರತೀಯರ ಸರಾಸರಿ ಆಯುಸ್ಸು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ 1,000 ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ವೇಳೆಗೆ ಅದು 28ಕ್ಕೆ ಇಳಿಯಿತು. ಕರ್ನಾಟಕದಲ್ಲಿ 19. ಇದಕ್ಕಿಂತ ದೊಡ್ಡ ಶುಭವಾರ್ತೆ ತಾಯಂದಿರಿಗೆ ಬೇರೆ ಯಾವುದಿದೆ?

ಆದರೆ ಸಾವು ಕಡಿಮೆಯಾಗಿ, ಹುಟ್ಟು ಹಾಗೆಯೇ ಮುಂದುವರಿದಾಗ ಜನಸಂಖ್ಯೆ ಏರಿತು. ಆಗ ಹುಟ್ಟಿಕೊಂಡದ್ದು ಮೊದಲ ಭಯ. ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. ಲೋಕದಲ್ಲೇ ಮೊದಲನೆಯದು ಎಂದು ಅದನ್ನು ಹೇಳುತ್ತಾರೆ. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ಗೋಡೆಗಳ ಮೇಲೆ ಕೆಂಪು ತ್ರಿಕೋನ ಬಂತು. "ನಾವಿಬ್ಬರು, ನಮಗಿಬ್ಬರು" ಎಂಬ ಮಾತು ಬಂತು. "ಆರತಿಗೊಬ್ಬಳು, ಕೀರ್ತಿಗೊಬ್ಬ" ಎಂಬ ಗಾದೆ ಮನೆಮನೆಯ ಮಾತಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷ, ದೇಶದಲ್ಲಿ 80 ಲಕ್ಷಕ್ಕೂ ಮಿಗಿಲಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಎಷ್ಟೋ ಒತ್ತಾಯದಿಂದ ಆದವು. ಗುರಿಯ ಸಂಖ್ಯೆ ತುಂಬಿಸಲು ಮನುಷ್ಯರನ್ನು ಹಿಡಿದು ತರುವ ಕಾಲವೂ ಬಂದುಹೋಯಿತು. ಲೆಕ್ಕವೇ ದೇವರಾದಾಗ ಹೀಗಾಗುತ್ತದೆ.

ಈಗ ನಿಮಗೆ ಒಂದು ಹೊಸ ಅಂಕಿಯನ್ನು ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದನ್ನು ಫಲವಂತಿಕೆಯ ದರ ಎನ್ನುತ್ತಾರೆ. ತಂದೆ ತಾಯಿ ಇಬ್ಬರ ಜಾಗವನ್ನು ಮಕ್ಕಳು ತುಂಬಬೇಕಾದರೆ ಈ ದರ ಸುಮಾರು 2.1 ಇರಬೇಕು. ಆ ಹೆಚ್ಚಿನ 0.1ಕ್ಕೆ ಒಂದು ಕಾರಣ, ಕೆಲವು ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಳ್ಳುವುದು. 1950ರ ದಶಕದಲ್ಲಿ ಭಾರತದಲ್ಲಿ ಈ ದರ ಸುಮಾರು 6 ಇತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅದು 2.0ಕ್ಕೆ ಇಳಿದಿದೆ. ನಮ್ಮ ಕರ್ನಾಟಕದಲ್ಲಿ 1.7. ಅಂದರೆ ನಮ್ಮ ರಾಜ್ಯದ ತಾಯಂದಿರು ಈಗಾಗಲೇ ಇಬ್ಬರಿಗಿಂತ ಕಡಿಮೆ ಮಕ್ಕಳನ್ನು ಹೆರುತ್ತಿದ್ದಾರೆ.

"ಹಾಗಾದರೆ ಬಸ್ಸಿನಲ್ಲಿ ಯಾಕೆ ಇಷ್ಟು ನೂಕುನುಗ್ಗಲು ಫಾದರ್?" ಎಂದು ನೀವು ಕೇಳಬಹುದು. ಹಿಂದೆ ಹೆಚ್ಚಾಗಿ ಹುಟ್ಟಿದ ಮಕ್ಕಳು ಈಗ ಪ್ರಾಯಕ್ಕೆ ಬಂದು ತಾವೂ ತಂದೆ ತಾಯಿಯರಾಗುತ್ತಿದ್ದಾರೆ. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆಯಾದರೂ ಹೆರುವವರ ಸಂಖ್ಯೆ ದೊಡ್ಡದು. ಮಳೆ ನಿಂತ ಮೇಲೂ ಹಳ್ಳದಲ್ಲಿ ಸ್ವಲ್ಪ ಕಾಲ ನೀರು ಹರಿಯುತ್ತದಲ್ಲ, ಹಾಗೆ. ಆದ್ದರಿಂದ ಜನಸಂಖ್ಯೆ ಇನ್ನೂ ಕೆಲವು ಕಾಲ ಏರುತ್ತದೆ. ಆಮೇಲೆ ಇಳಿಯುತ್ತದೆ. ಇಡೀ ಲೋಕದ ಜನಸಂಖ್ಯೆಯೇ 2080ರ ದಶಕದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯಬಹುದೆಂದು ವಿಶ್ವಸಂಸ್ಥೆ 2024ರಲ್ಲಿ ಅಂದಾಜು ಮಾಡಿದೆ.

ಇಳಿಮುಖ ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಶೇಕಡ 21ರಷ್ಟು ಬೆಳೆಯಿತು. ಅದೇ ಹತ್ತು ವರ್ಷಗಳಲ್ಲಿ ಕೊಡಗು ಶೇಕಡ 1ರಷ್ಟು ಮಾತ್ರ ಬೆಳೆಯಿತು. ಚಿಕ್ಕಮಗಳೂರು ಜಿಲ್ಲೆಯಂತೂ ಬೆಳೆಯಲೇ ಇಲ್ಲ, ಅಲ್ಲಿನ ಜನಸಂಖ್ಯೆ ತುಸು ಇಳಿಯಿತು. ಮಕ್ಕಳು ಕಡಿಮೆಯಾದರು, ಇದ್ದ ಮಕ್ಕಳು ಓದಿ ಬೆಂಗಳೂರು ಸೇರಿದರು. ಹಾಗಾದರೆ ಅಲ್ಲಿನ ಕಾಫಿ ಹಣ್ಣನ್ನು ಬಿಡಿಸುವವರಲ್ಲಿ ಯಾರೆಲ್ಲ ಇದ್ದಾರೆ? ನಮ್ಮ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಹಳ್ಳಿಗಳಿಂದ, ತಾಂಡಾಗಳಿಂದ ಗುಳೆ ಹೋದವರೂ ಇದ್ದಾರಲ್ಲವೇ?

ಈ ತಿಂಗಳು ಧರ್ಮೋಪದೇಶದ ತರಗತಿಗೆ ಅಜ್ಜಿಯೊಬ್ಬರು ಮೂರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. "ಇವರ ಅಪ್ಪ ಅವ್ವ ಎಲ್ಲಿ?" ಎಂದು ಕೇಳಿದೆ. "ಕಾಫಿ ಸೀಮಿಗೆ ಹೋಗ್ಯಾರ್ರಿ ಫಾದರ್, ಯುಗಾದಿಗೆ ಬರ್ತಾರ" ಎಂದರು. ಕೊನೆಯ ಮಗುವಿಗೆ ಮೂರು ವರ್ಷವೂ ತುಂಬಿರಲಿಲ್ಲ. ಅಜ್ಜಿಗೆ ಎಪ್ಪತ್ತು ದಾಟಿದೆ. ಕ್ರಿಸ್ತಜಯಂತಿ ಬರುವುದೇ ಕಾಫಿ ಕೊಯ್ಲಿನ ಕಾಲದಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ. ಗೋದಲಿ ಕಟ್ಟುವಾಗ ನಮ್ಮ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ. ತುಂಬು ಬಸುರಿಯರೂ ಲಾರಿ ಹತ್ತಿ ಹೋಗಿರುತ್ತಾರೆ. ಗದ್ದೆಯ ಬದಿಯ ಜೋಪಡಿಯಲ್ಲಿ, ಎಸ್ಟೇಟಿನ ಲೈನ್ ಮನೆಯಲ್ಲಿ ಹೆರಿಗೆಯಾದ ತಾಯಂದಿರು ಇಲ್ಲಿಯೇ ನಮ್ಮ ನಡುವೆ ಕುಳಿತಿದ್ದಾರೆ. ಅವರಿಗೆ ಬೆತ್ಲೆಹೇಮಿನ ಕಥೆಯನ್ನು ನಾನು ವಿವರಿಸಬೇಕಾಗಿಲ್ಲ. ಛತ್ರದಲ್ಲಿ ಜಾಗವಿಲ್ಲ ಎಂಬ ಮಾತಿನ ಅರ್ಥ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ನನ್ನ ಮನೆಯ ಮಾತು. ನಾನು ಕರಾವಳಿಯವನು. ನನ್ನ ತಾಯಿ ಹೆತ್ತದ್ದು ಒಂಬತ್ತು. ಇಬ್ಬರು ಚಿಕ್ಕಂದಿನಲ್ಲೇ ತೀರಿಕೊಂಡರು. ಉಳಿದ ಏಳು ಮಂದಿಯಲ್ಲಿ ನಾನು ಗುರುವಾದೆ, ಒಬ್ಬ ಅಕ್ಕ ಕನ್ಯಾಸ್ತ್ರೀಯಾದಳು. ಐವರು ಮದುವೆಯಾದರು. ಆ ಐವರ ಮಕ್ಕಳನ್ನು ಒಟ್ಟು ಸೇರಿಸಿದರೆ ಎಂಟು. ಆ ಎಂಟರಲ್ಲಿ ಊರಿನಲ್ಲಿ ಇರುವವನು ಒಬ್ಬನೇ. ಉಳಿದವರು ಕೊಲ್ಲಿ ದೇಶ, ಕೆನಡಾ, ಬೆಂಗಳೂರು. ರಜೆಗೆ ಹೋದಾಗ ನಮ್ಮ ಬೀದಿಯಲ್ಲಿ ಮಕ್ಕಳ ಗದ್ದಲವಿಲ್ಲ. ದೊಡ್ಡ ದೊಡ್ಡ ಮನೆಗಳಲ್ಲಿ ವಯಸ್ಸಾದ ಇಬ್ಬರು, ಇಲ್ಲವೇ ಒಬ್ಬರು, ಸಂಜೆ ಜಪಸರ ಹಿಡಿದು ಕುಳಿತಿರುತ್ತಾರೆ. ಅಂಥ ತುಂಬು ಮನೆಗಳಿಂದಲೇ ಉತ್ತರ ಕರ್ನಾಟಕದ ಧರ್ಮಕೇಂದ್ರಗಳಿಗೆ ಗುರುಗಳೂ ಭಗಿನಿಯರೂ ಬರುತ್ತಿದ್ದರು. ಮುಂದೆ ಎಲ್ಲಿಂದ ಬರುತ್ತಾರೆ?

ಇದು ಕರಾವಳಿಯ ಕಥೆ ಮಾತ್ರವಲ್ಲ. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ರೂಪುಗೊಂಡಾಗ ಸಾಗರದಾಚೆಯಿಂದ ಬಂದ ಫ್ರಾನ್ಸಿಸ್ಕನ್ ಗುರುಗಳು ಇಲ್ಲಿ ದುಡಿದರು. ಇಂದು ಇಟಲಿ, ಜರ್ಮನಿಯ ಚರ್ಚುಗಳಲ್ಲಿ ಬಲಿಪೂಜೆ ಅರ್ಪಿಸಲು, ಅಲ್ಲಿನ ವೃದ್ಧರನ್ನು ನೋಡಿಕೊಳ್ಳಲು ಭಾರತದಿಂದ ಗುರುಗಳು, ಭಗಿನಿಯರು ಹೋಗುತ್ತಿದ್ದಾರೆ. 2024ರಲ್ಲಿ ಇಟಲಿಯ ಫಲವಂತಿಕೆ ದರ 1.18. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ 0.72, ಅಂದರೆ ಒಬ್ಬ ತಾಯಿಗೆ ಸರಾಸರಿ ಒಂದು ಮಗುವೂ ಇಲ್ಲ. ಅಲ್ಲಿನ ಸರ್ಕಾರ ಹಣ ಕೊಟ್ಟು, ರಜೆ ಕೊಟ್ಟು ಮಕ್ಕಳನ್ನು ಹೆರಿರಿ ಎಂದು ಬೇಡುತ್ತಿದೆ. 2024ರಲ್ಲಿ ಅದು 0.75ಕ್ಕೆ ಏರಿದ್ದೇ ದೊಡ್ಡ ಸುದ್ದಿಯಾಯಿತು.

ಹೀಗೆ ಎರಡನೆಯ ಭಯ ಈಗ ನಮ್ಮ ನಾಡಿಗೂ ಬಂದಿದೆ. ಕರ್ನಾಟಕದಲ್ಲಿ 60 ದಾಟಿದವರು 2011ರಲ್ಲಿ ನೂರಕ್ಕೆ ಒಂಬತ್ತೂವರೆ. 2031ಕ್ಕೆ ಅದು ನೂರಕ್ಕೆ 15ರಷ್ಟಾಗಬಹುದೆಂದು ಕೇಂದ್ರ ಸರ್ಕಾರದ ಅಂದಾಜು. ಜನಸಂಖ್ಯೆ ಕಡಿಮೆ ಮಾಡಿಕೊಂಡ ದಕ್ಷಿಣದ ರಾಜ್ಯಗಳಿಗೆ ಲೋಕಸಭೆಯಲ್ಲಿ ಸ್ಥಾನ ಕಡಿಮೆಯಾದೀತು ಎಂಬ ಆತಂಕವೂ ಸೇರಿಕೊಂಡಿದೆ. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಹೆರಿರಿ ಎಂದು ಜನರಿಗೆ ಕರೆಕೊಟ್ಟರು. ನಿನ್ನೆ "ಎರಡೇ ಸಾಕು" ಎಂದವರು ಇಂದು "ಇನ್ನೊಂದಿರಲಿ" ಎನ್ನುತ್ತಿದ್ದಾರೆ. ಯಾವ ಕಾಲದಲ್ಲೂ ಒಂದು ಮಾತ್ರ ಬದಲಾಗಲಿಲ್ಲ: ಹೆರುವವಳನ್ನು ಯಾರೂ ಕೇಳಲಿಲ್ಲ.

ಪ್ರಿಯರೇ, ಇಂದಿನ ನನ್ನ ಮಾತಿನ ತಿರುಳು ಇದೇ. ಮಕ್ಕಳು ಎಷ್ಟು ಎಂಬುದು ಚಕ್ರವರ್ತಿಯ ಪ್ರಶ್ನೆ. ಬಂದ ಮಗುವನ್ನು ಯಾರು ಹೊರುತ್ತಾರೆ, ಯಾರು ಎತ್ತಿಕೊಳ್ಳುತ್ತಾರೆ ಎಂಬುದು ಗೋದಲಿಯ ಪ್ರಶ್ನೆ.

ದೇವರು ಈ ಲೋಕಕ್ಕೆ ಬರಬೇಕೆಂದು ನಿರ್ಧರಿಸಿದಾಗಲೂ ಮೊದಲು ಒಬ್ಬ ಹೆಣ್ಣುಮಗಳ ಒಪ್ಪಿಗೆ ಕೇಳಿದರು. ಗಬ್ರಿಯೇಲ್ ದೂತರು ಆಜ್ಞೆ ಹೊತ್ತು ಬರಲಿಲ್ಲ. ಮರಿಯಮ್ಮನ ಸಂದೇಹಕ್ಕೆ ಉತ್ತರ ಕೊಟ್ಟರು, ಅವಳ ಮಾತಿಗಾಗಿ ಕಾದರು. ಸರ್ವಶಕ್ತ ದೇವರೇ ಕೇಳಿದ ಮೇಲೆ, ಗಂಡನಿಗೆ, ಅತ್ತೆಗೆ, ಸರ್ಕಾರಕ್ಕೆ ಕೇಳದೆ ನಿರ್ಧರಿಸುವ ಅಧಿಕಾರ ಎಲ್ಲಿಂದ ಬಂತು?

ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿ. ಅದೇ 2019–21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು! ಹತ್ತೊಂಬತ್ತಕ್ಕೆ ಒಂದು, ಇಪ್ಪತ್ತೊಂದಕ್ಕೆ ಇನ್ನೊಂದು, ಇಪ್ಪತ್ತೆರಡಕ್ಕೆ ಆಪರೇಷನ್, ಆಮೇಲೆ ಕೂಲಿ. ಇದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನರ ಬದುಕಿನ ಕಥೆ. ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಪಾಲು ಸೊನ್ನೆಯ ಹತ್ತಿರ. ಶ್ರೀಸಭೆ ಈ ಶಸ್ತ್ರಚಿಕಿತ್ಸೆಯನ್ನು ಒಪ್ಪುವುದಿಲ್ಲ ಎಂಬುದು ನಿಮಗೆ ಗೊತ್ತು. 1968ರಲ್ಲಿ ಜಗದ್ಗುರು ಆರನೇ ಪೌಲರು ಬರೆದ ಪತ್ರದಲ್ಲಿ ಅದು ಸ್ಪಷ್ಟವಾಗಿದೆ. ಆದರೆ ಆ ಪತ್ರವನ್ನು ಹೆಣ್ಣುಮಕ್ಕಳ ತಲೆಯ ಮೇಲೆ ಇನ್ನೊಂದು ಹೊರೆಯಾಗಿ ಇಡಲು ನಾನು ಈ ರಾತ್ರಿ ಇಲ್ಲಿ ನಿಂತಿಲ್ಲ. ಅದೇ ಪತ್ರ ಜವಾಬ್ದಾರಿಯುತ ತಂದೆತಾಯ್ತನವನ್ನು ಹೇಳುತ್ತದೆ, ಗಂಡ ಹೆಂಡತಿ ಇಬ್ಬರೂ ಕೂಡಿ ಯೋಚಿಸಬೇಕೆಂದು ಹೇಳುತ್ತದೆ. 2015ರ ಜನವರಿಯಲ್ಲಿ ಮನಿಲಾದಿಂದ ಹಿಂತಿರುಗುವಾಗ ಜಗದ್ಗುರು ಫ್ರಾನ್ಸಿಸರು, ಒಳ್ಳೆಯ ಕಥೋಲಿಕರಾಗಲು ಮೊಲಗಳ ಹಾಗೆ ಹೆರಬೇಕಾಗಿಲ್ಲ ಎಂಬ ಅರ್ಥದ ಮಾತನ್ನು ಹೇಳಿ ಲೋಕವನ್ನೇ ನಗಿಸಿದರು. ಆ ನಗುವಿನ ಹಿಂದೆ ಇದ್ದದ್ದು ತಾಯಂದಿರ ಮೇಲಿನ ಕಾಳಜಿ.

ನಾವು ಎಡವಿದ ಇನ್ನೊಂದು ಕಡೆ ಇದೆ. ಮಕ್ಕಳು ಕಡಿಮೆಯಾಗುತ್ತಾ ಬಂದಂತೆ, ಆ ಕಡಿಮೆಯಲ್ಲಿ ಗಂಡೇ ಬೇಕೆಂಬ ಹಟ ಹೆಚ್ಚಾಯಿತು. ಕರ್ನಾಟಕದಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2011ರಲ್ಲಿ 948. ಗರ್ಭದಲ್ಲಿ ಲಿಂಗ ಪತ್ತೆ ಮಾಡುವುದನ್ನು ನಿಷೇಧಿಸಿ 1994ರಲ್ಲೇ ಕಾನೂನು ಬಂದಿದೆ. ಆದರೂ 2023ರ ಕೊನೆಯಲ್ಲಿ ಏನು ಬಯಲಾಯಿತು? ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಯಂತ್ರ ಇಟ್ಟುಕೊಂಡು ಬಸುರಿಯರ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡುತ್ತಿದ್ದ ಜಾಲವನ್ನು ಪೊಲೀಸರು ಪತ್ತೆಹಚ್ಚಿದರು. ಬೆಲ್ಲ ಬೇಯಿಸುವ ಮನೆ! ನಮ್ಮವರು ಕಬ್ಬು ಕಡಿಯಲು ಹೋಗುವ ಸೀಮೆ! ಒಂದು ಕೊಟ್ಟಿಗೆಯಲ್ಲಿ ಲೋಕರಕ್ಷಕ ಹುಟ್ಟಿದ. ಇನ್ನೊಂದು ಕೊಟ್ಟಿಗೆಯಲ್ಲಿ ಹುಟ್ಟಬೇಕಾದ ಹೆಣ್ಣುಕೂಸುಗಳ ಹಣೆಬರಹ ಗೀಚಲಾಯಿತು. ಹೆರೋದ ಸತ್ತಿಲ್ಲ ಪ್ರಿಯರೇ. ಇನ್ನು ಮೂರು ದಿನಕ್ಕೆ ಪವಿತ್ರ ಹಸುಳೆಗಳ ಹಬ್ಬ ಬರುತ್ತದೆ. ಅಂದು ಈ ಹಸುಳೆಗಳನ್ನೂ ನೆನೆಯಿರಿ.

"ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಗಾದೆಯನ್ನು ನಾವು ಸುಲಭವಾಗಿ ಬಳಸುತ್ತೇವೆ. ದೇವರು ನೋಡಿಕೊಳ್ಳುತ್ತಾನೆ ಎಂದು ಹೇಳಿ ನಾವು ಕೈತೊಳೆದುಕೊಳ್ಳುತ್ತೇವೆ. ಈ ಗೋದಲಿಯನ್ನು ನೋಡಿ. ಹುಟ್ಟಿಸಿದ ದೇವರು ನಮ್ಮನ್ನು ಹುಲ್ಲು ಮೇಯಿಸಲಿಲ್ಲ, ನಿಜ. ಆದರೆ ತಾನೇ ಬಂದು ಹುಲ್ಲಿನ ಮೇಲೆ ಮಲಗಿದ. ತನ್ನನ್ನು ಎತ್ತಿಕೊಳ್ಳಲು ಮನುಷ್ಯರ ಕೈಗಳಿಗಾಗಿ ಕಾದ. ಮರಿಯಮ್ಮ ಎತ್ತಿಕೊಂಡರು. ಜೋಸೆಫರು ಎತ್ತಿಕೊಂಡರು. ಅವರು ಹೆತ್ತ ತಂದೆಯಲ್ಲ, ಆದರೂ ಮಗುವನ್ನು ಹೊತ್ತು ರಾತ್ರೋರಾತ್ರಿ ಐಗುಪ್ತಕ್ಕೆ ಗುಳೆ ಹೋದರು. ಕುರುಬರು ಬಂದು ನೋಡಿದರು. ಒಂದು ಮಗುವಿಗೆ ಬೇಕಾಗಿರುವುದು ಇಷ್ಟು ಕೈಗಳು.

ಆದ್ದರಿಂದ ಈ ಕ್ರಿಸ್ತಜಯಂತಿಗೆ ನಿಮ್ಮಲ್ಲಿ ಮೂರು ವಿನಂತಿ.

ಮೊದಲನೆಯದು, ತಂದೆ ತಾಯಿಯರಿಗೆ. ಮಗಳಿಗೆ 18 ತುಂಬುವ ಮೊದಲು ಮದುವೆಯ ಮಾತೆತ್ತಬೇಡಿ. ಗುಳೆ ಹೋಗುವಾಗ ಪ್ರಾಯಕ್ಕೆ ಬಂದ ಹುಡುಗಿಯನ್ನು ಮನೆಯಲ್ಲಿ ಬಿಡುವ ಭಯ ನನಗೆ ಅರ್ಥವಾಗುತ್ತದೆ. ಮದುವೆಗೆ ಅವಸರ ಮಾಡಿಸುವುದು ಆ ಭಯವೇ. ಆದರೆ ಭಯಕ್ಕೆ ಮದುವೆ ಮದ್ದಲ್ಲ. ಹಾಸ್ಟೆಲ್ ಬೇಕೆ, ನೆರವು ಬೇಕೆ, ಬಂದು ಕೇಳಿ. ಸಿಸ್ಟರುಗಳೊಡನೆ ಮಾತಾಡೋಣ, ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಹೋಗೋಣ. ಓದಿದ ಹುಡುಗಿ ಎಷ್ಟು ಮಕ್ಕಳು, ಯಾವಾಗ ಎಂಬುದನ್ನು ತಾನೂ ಯೋಚಿಸಬಲ್ಲಳು.

ಎರಡನೆಯದು, ಗಂಡಂದಿರಿಗೆ ಮತ್ತು ಅತ್ತೆ ಮಾವಂದಿರಿಗೆ. ಮಗು ಹೆಂಡತಿಯ ಕೆಲಸ ಎಂಬ ಮಾತು ಈ ರಾತ್ರಿಗೆ ಮುಗಿಯಲಿ. ಹೆಣ್ಣು ಹುಟ್ಟಿದಾಗಲೂ ಗಂಡು ಹುಟ್ಟಿದಷ್ಟೇ ಸಕ್ಕರೆ ಹಂಚಿ. ಮಕ್ಕಳಾಗದ ದಂಪತಿಗಳು ನಮ್ಮ ನಡುವೆ ಇದ್ದಾರೆ. ಶುಭಕಾರ್ಯಗಳಲ್ಲಿ ಅವರನ್ನು ಚುಚ್ಚಿ ಮಾತಾಡುವ ನಾಲಿಗೆಗಳೂ ಇವೆ. ದಯವಿಟ್ಟು ಬೇಡ. ಹೆರದವರಿಂದಲೂ ಮಗು ಬೆಳೆಯುತ್ತದೆ ಎಂದು ತೋರಿಸಿದವರೇ ಸಂತ ಜೋಸೆಫರು.

ಮೂರನೆಯದು, ಇಡೀ ಧರ್ಮಕೇಂದ್ರಕ್ಕೆ. ಗುಳೆ ಹೋದವರ ಮಕ್ಕಳು ಯಾವ ಯಾವ ಮನೆಯಲ್ಲಿ ಅಜ್ಜಿಯರ ಬಳಿ ಇದ್ದಾರೆ ಎಂದು ನಮ್ಮ ವಾರ್ಡಿನ ಹಿರಿಯರು ಪಟ್ಟಿ ಮಾಡಲಿ. ಪಕ್ಕದ ಮನೆಯವರು ದಿನಕ್ಕೊಮ್ಮೆ ಹೋಗಿ ನೋಡಲಿ. ಮಗು ಶಾಲೆಗೆ ಹೋಯಿತೆ, ಊಟ ಮಾಡಿತೆ, ಅಜ್ಜಿಯ ಬಿ.ಪಿ. ಮಾತ್ರೆ ಇದೆಯೆ, ಇಷ್ಟು ಕೇಳಿದರೆ ಸಾಕು. ಕ್ರೈಸ್ತರ ಮನೆ ಮಾತ್ರ ಎಂದು ಎಣಿಸಬೇಡಿ. ತಾಂಡಾದ ಮಗುವೂ ನಮ್ಮದೇ, ಓಣಿಯ ಮಗುವೂ ನಮ್ಮದೇ. ಎಣಿಸುವವರು ಬಂದಾಗ ಯಾರ ಹೆಸರೂ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಫೆಬ್ರವರಿ ಎಂದರೆ ನಮ್ಮವರು ಊರಲ್ಲಿ ಇಲ್ಲದ ತಿಂಗಳು. ಇಲ್ಲಿ ಬೀಗ, ಅಲ್ಲಿ ಜೋಪಡಿ. ಎರಡೂ ಕಡೆ ಲೆಕ್ಕಕ್ಕೆ ಸಿಗದೆ ಹೋಗುವ ಕುಟುಂಬಗಳಿವೆ. ಎಲ್ಲಿದ್ದರೂ ಹೆಸರು ಬರೆಸಿ ಎಂದು ಫೋನ್ ಮಾಡಿ ಹೇಳಿ. ಜೋಸೆಫರು ಅಷ್ಟು ದೂರ ನಡೆದದ್ದು ಹೆಸರು ಬರೆಸಲಿಕ್ಕಾಗಿಯೇ ಅಲ್ಲವೇ?

ಅಗಸ್ಟಸ್ ಚಕ್ರವರ್ತಿ ಎಣಿಸಿದ ಜನರೆಷ್ಟು ಎಂದು ಈ ರಾತ್ರಿ ಇಲ್ಲಿ ಯಾರಿಗೂ ನೆನಪಿಲ್ಲ. ಆ ಗಣತಿಯ ಗದ್ದಲದಲ್ಲಿ ಹುಟ್ಟಿದ ಒಂದು ಮಗುವಿಗಾಗಿ ನಾವು ಚಳಿಯಲ್ಲಿ ಎದ್ದು ಬಂದಿದ್ದೇವೆ. ಇನ್ನು ಸ್ವಲ್ಪ ಹೊತ್ತಿಗೆ ನೀವೆಲ್ಲ ಸಾಲಾಗಿ ಬಂದು ಬಾಲಯೇಸುವಿನ ಪಾದಗಳಿಗೆ ಮುತ್ತಿಡುತ್ತೀರಿ. ಮುತ್ತಿಡುವಾಗ ನಿಮಗೆ ಗೊತ್ತಿರುವ ಒಂದು ಮಗುವಿನ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ನಿಮ್ಮ ಮನೆಯದಲ್ಲದ ಮಗು. ಅಪ್ಪ ಅವ್ವ ಕಾಫಿ ಸೀಮೆಗೆ ಹೋಗಿರುವ ಮಗು. ಹಬ್ಬದ ಊಟಕ್ಕೆ ಆ ಮಗುವನ್ನೂ ಅದರ ಅಜ್ಜಿಯನ್ನೂ ಕರೆಯಿರಿ. ನಿಮ್ಮ ಮನೆಯ ಛತ್ರದಲ್ಲಿ ಜಾಗವಿರಲಿ.

ನಿಮಗೂ, ದೂರದಲ್ಲಿ ದುಡಿಯುತ್ತಿರುವ ನಿಮ್ಮವರಿಗೂ ಕ್ರಿಸ್ತಜಯಂತಿಯ ಹಾರ್ದಿಕ ಶುಭಾಶಯಗಳು. ಬಾಲಯೇಸು ನಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.